ತಪ್ಪು ತಿದ್ದಬೇಡಿ, ಉತ್ತರ ಬರೆಯಿರಿ

ಹುಬ್ಬಳ್ಳಿಯ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಧಾರವಾಡಕ್ಕೆ ಬಂದಿದ್ದರು. ಮಕ್ಕಳ ಆಪ್ತ ಸಮಾಲೋಚನೆ ನನ್ನ ಕೆಲಸ. ಅವರು ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಡ್ರೈವರ್. ಮಗಳು ಮೂರನೇ ಇಯತ್ತೆ. (ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

"ಮೇಡಮ್ರ, ಇಕಿ ಈಗ ನನ್ನ ಜೋಡಿ ಮಾತ ಆಡಂಗಿಲ್ರಿ," ಎಂದವರೇ ಕಿಸೆಯಿಂದ ನೋಟ್‌ಬುಕ್ಕಿನ ಹಾಳೆಯೊಂದನ್ನು ತೆಗೆದು ಕೊಟ್ಟರು. ಮಗಳು ತಿಂಗಳ ಹಿಂದೆ ಬರೆದಿದ್ದ ಪತ್ರ.

"ಅಪ್ಪಾ, ನೀ ನಸುಕಿನ್ಯಾಗ ಬರ್ತಿ. ನಿನ್ನ ಬೂಟಿನ ಸಪ್ಪಳ ಕೇಳಿ ನನಗ ಎಚ್ಚರ ಆಗತೈತಿ. ಆದ್ರ ಮಲಗಿದಂಗ ಮಾಡತೇನಿ. ನಿನಗ ನಿದ್ದಿ ಬೇಕಲ್ಲ. ಇನ್ನ ಮ್ಯಾಲೆ ನಾ ತ್ರಾಸ ಕೊಡಂಗಿಲ್ಲ. ನೀ ಅಂದ್ರ ನನಗ ಬಾಳ ಇಷ್ಟ. ದನ್ಯವಾದ."

'ಬಾಳ', 'ದನ್ಯವಾದ' ಎರಡರ ಮೇಲೂ ಕೆಂಪು ಪೆನ್ನಿನ ಗೆರೆ. ಪಕ್ಕದಲ್ಲಿ ಸರಿಯಾದ ಅಕ್ಷರ. ಮಗಳು ಚಲೋ ಓದಲಿ ಎಂಬ ಆಸೆಯಿಂದಲೇ ತಂದೆ ತಿದ್ದಿದ್ದರು. ಆಮೇಲೆ ಅವಳು ಏನೂ ಬರೆದಿಲ್ಲ.

ಮಕ್ಕಳು ಕಿವಿಗೆ ಕೇಳಿದ ಹಾಗೆ ಬರೆಯುತ್ತಾರೆ. ನಮ್ಮ ಆಡುಮಾತಿನಲ್ಲಿ ಬ-ಭ, ದ-ಧ ಬೇರೆಬೇರೆಯಾಗಿ ಕೇಳುವುದೇ ಕಡಿಮೆ. ಹಾಗಾಗಿ ಇದು ಉಡಾಫೆ ಅಲ್ಲ. ತಿದ್ದಲೇಬೇಕೆಂದರೆ ಇನ್ನೊಂದು ದಿನ, ಇನ್ನೊಂದು ಹಾಳೆಯ ಮೇಲೆ ತಿದ್ದಿ. ಪ್ರೀತಿಯಿಂದ ಬರೆದ ಹಾಳೆ ಪರೀಕ್ಷೆಯ ಪೇಪರ್ ಅಲ್ಲ. 'ತೀರ್ಥರೂಪು ತಂದೆಯವರಿಗೆ' ಎಂದು ಶುರು ಮಾಡುವ ಪತ್ರವನ್ನು ಶಾಲೆಯಲ್ಲಿ ಕಲಿಯಲಿ, ಬೇಡ ಅನ್ನುವುದಿಲ್ಲ. ಮನೆಯಲ್ಲಿ ಮಾತ್ರ ಅವರದೇ ಮಾತಿನಲ್ಲಿ ಬರೆಯಲು ಬಿಡಿ.

ಎಂಟು ವರ್ಷದ ಮಗುವಿಗೆ ಮನಸ್ಸಿನಲ್ಲಿ ಆಗುವುದಕ್ಕೆಲ್ಲ ಹೆಸರು ಗೊತ್ತಿರುವುದಿಲ್ಲ. ಅದು ಕಂಡದ್ದನ್ನು, ಕೇಳಿದ್ದನ್ನು ಬರೆಯುತ್ತದೆ. ಈ ಪತ್ರದಲ್ಲಿ 'ಬಾಳ ಇಷ್ಟ' ಎಂಬ ಮಾತಿಗಿಂತ ಬೂಟಿನ ಸಪ್ಪಳದಲ್ಲೇ ಪ್ರೀತಿ ಜಾಸ್ತಿ ಇದೆ, ಅಲ್ವಾ? ಎದುರಿಗೆ ನಿಂತು ಹೇಳಲು ನಾಚುವ ಮಗು ಬರೆದು ದಿಂಬಿನ ಕೆಳಗೆ ಇಡುತ್ತದೆ. ಅದನ್ನು ಬಂದ ಬೀಗರ ಮುಂದೆ ಓದಿ ತೋರಿಸಬೇಡಿ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವ ಮುಂಚೆ ಮಗುವನ್ನು ಕೇಳಿ.

ನಾನು ಜಾಸ್ತಿ ಹೊತ್ತು ನಿಂತದ್ದು 'ತ್ರಾಸ ಕೊಡಂಗಿಲ್ಲ' ಎಂಬ ಸಾಲಿನ ಹತ್ತಿರ. ಮನೆಯಲ್ಲಿ ಏನಾದರೂ ಕೆಟ್ಟರೆ ಅದು ತನ್ನಿಂದಲೇ ಎಂದು ಈ ವಯಸ್ಸಿನ ಮಕ್ಕಳು ಸುಲಭವಾಗಿ ನಂಬಿಬಿಡುತ್ತಾರೆ. ಅಪ್ಪನ ದಣಿವು, ಅವ್ವನ ಸಿಟ್ಟು, ರೊಕ್ಕದ ಜಗಳ, ಎಲ್ಲಕ್ಕೂ ತಾನೇ ಕಾರಣ ಅಂದುಕೊಳ್ಳುತ್ತಾರೆ. ಪ್ರೀತಿಯ ಪತ್ರದಲ್ಲಿ 'ಇನ್ಮೇಲೆ ಶಾಣ್ಯಾ ಆಗಿರ್ತೀನಿ', 'ಏನೂ ಕೇಳಂಗಿಲ್ಲ' ಎಂಬ ಮಾತು ಬಂದರೆ ಎಷ್ಟು ಜಾಣ ಮಗು ಎಂದು ಸುಮ್ನೆ ಹಿಗ್ಗಬೇಡಿ. ಅದಕ್ಕೆ ಯಾವುದೋ ಚಿಂತೆ ಹತ್ತಿರಬಹುದು. ಪಕ್ಕದಲ್ಲಿ ಕೂತು ಕೇಳಿ. 'ನಾ ಇರದಿದ್ರ ಚಲೋ ಇತ್ತು' ಎಂಬಂಥ ಸಾಲು ಕಂಡರಂತೂ ಅವತ್ತೇ ಮಾತಾಡಿ. ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆ ತಂದೆಗೆ, "ನೀವೂ ಬರೆಯಿರಿ," ಎಂದೆ. "ನನಗ ಹಂಗೆಲ್ಲ ಬರಿಯಾಕ ಬರಂಗಿಲ್ರಿ," ಎಂದರು. ದೊಡ್ಡ ಮಾತು ಬೇಡ, ಅವಳು ಕೇಳಿಸಿಕೊಂಡ ಬೂಟಿನ ಸಪ್ಪಳಕ್ಕೆ ಉತ್ತರ ಕೊಡಿ ಸಾಕು ಎಂದೆ. 50 ಪೈಸೆಯ ಪೋಸ್ಟ್‌ಕಾರ್ಡ್ ಅಗ್ಗ, ಆದರೆ ಅದನ್ನು ಯಾರು ಬೇಕಾದರೂ ಓದಬಹುದು. 2.50 ರೂಪಾಯಿಯ ಇನ್‌ಲ್ಯಾಂಡ್ ಲೆಟರನ್ನು ಮಡಚಿ ಅಂಟಿಸಬಹುದು. ಮೇಲೆ ಮಗಳದೇ ಹೆಸರು ಇರಲಿ ಎಂದೆ.

ಮುಂದಿನ ಟ್ರಿಪ್ಪಿನಲ್ಲಿ ಅವರು ಬೆಂಗಳೂರಿನಿಂದ ಪತ್ರ ಹಾಕಿದರು. "ಬೂಟಿನ ಸಪ್ಪಳ ಕೇಳಿದ್ರ ಎದ್ದ ಬಾ. ನಿದ್ದಿ ಆಮ್ಯಾಲೆ ಮಾಡತೇನಿ. ರಾತ್ರಿ ಎಲ್ಲಾ ಬಸ್ ಹೊಡದ ದಣದಿರ್ತೇನಿ, ನಿನ್ನಿಂದಲ್ಲ. ನೀ ನನಗ ತ್ರಾಸ ಅಲ್ಲ."

ಮತ್ತೊಮ್ಮೆ ಬಂದಾಗ ಹುಡುಗಿ ಕಂಪಾಸ್ ಪೆಟ್ಟಿಗೆ ತೆರೆದು, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಆ ಪತ್ರ ತೋರಿಸಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು:

"ಅಪ್ಪನೂ ಎರಡ ತಪ್ಪ ಬರದಾನ್ರಿ. ನಾ ತಿದ್ದಿಲ್ಲ."