ನೀರಿಗೂ ಹೆಪ್ಪು ಬೇಕು

ತೀರ್ಥಹಳ್ಳಿಯ ನಮ್ಮ ಭಾವನಿಗೆ ಹೊರದೇಶದಲ್ಲಿರುವ ಮಗ ಒಂದು ಪೆಟ್ಟಿಗೆ ಸಿಗಾರ್ ತಂದುಕೊಟ್ಟಿದ್ದ. ಭಾವ ಅದನ್ನು ಬೀರುವಿನಲ್ಲಿಟ್ಟು ಮರೆತರು. ಆಷಾಢ ಕಳೆದ ಮೇಲೆ ತೆರೆದು ನೋಡಿದರೆ ನಾಲ್ಕೈದು ಸಿಗಾರಿನ ಮೈಮೇಲೆ ಗುಂಡುಸೂಜಿಯಲ್ಲಿ ಚುಚ್ಚಿದಂಥ ತೂತು. ಪೆಟ್ಟಿಗೆಯ ತಳದಲ್ಲಿ ಕಂದು ಪುಡಿ.

"ಥಂಡಿಗೆ ಹುಳ ಹುಟ್ಟಿದೆ ಮಾರಾಯ" ಅಂದರು.

ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಥಂಡಿ ಮೊಟ್ಟೆ ಇಡುವುದಿಲ್ಲ. ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲೇ ಮಾಂಸದ ಪಾತ್ರೆಗೆ ಬಟ್ಟೆ ಕಟ್ಟಿ ತೋರಿಸಿದ್ದ: ನೊಣ ಕೂರದಿದ್ದರೆ ಮಾಂಸದಲ್ಲಿ ಹುಳ ಇಲ್ಲ. ಮುನ್ನೂರೈವತ್ತು ವರ್ಷ ಕಳೆದರೂ ನಮ್ಮ ಅಟ್ಟದ ಮೇಲಿನ ಹುಳ ಮಾತ್ರ ತಾನಾಗೇ ಹುಟ್ಟುತ್ತಲೇ ಇದೆ. ಭಾವನ ಸಿಗಾರಿನೊಳಗೆ ಮೊಟ್ಟೆ ಮೊದಲೇ ಇತ್ತು, ಎಲೆಯ ಜೊತೆಗೇ ಬಂದಿತ್ತು. ಬರಿಗಣ್ಣಿಗೆ ಸಿಗುವುದೇ ಕಷ್ಟ, ಅಷ್ಟು ಸಣ್ಣದು. ನಮ್ಮ ಮಳೆಗಾಲ ಮಾಡಿದ್ದು ಬಾಣಂತನ ಅಷ್ಟೇ.

ಹುಳದ ಹೆಸರು ಲೇಸಿಯೋಡರ್ಮಾ ಸೆರಿಕಾರ್ನೆ. ಎರಡು ಮೂರು ಮಿಲಿಮೀಟರ್ ಉದ್ದದ ಕೆಂಗಂದು ದುಂಬಿ, ತಲೆ ಬಗ್ಗಿಸಿಕೊಂಡು ಗೂನು ಬೆನ್ನು ತೋರಿಸುತ್ತದೆ. ತಿನ್ನುವುದೆಲ್ಲ ಮರಿಹುಳದ ಕೆಲಸ. ದೊಡ್ಡದಾದ ಮೇಲೆ ಅದು ತೂತು ಕೊರೆದು ಹೊರಗೆ ಬಂದು, ಜೋಡಿ ಹುಡುಕಿ, ಕೆಲವೇ ವಾರದಲ್ಲಿ ಸಾಯುತ್ತದೆ. ಹಾಗಾಗಿ ತೂತು ಕಂಡಿತು ಅಂದರೆ ಊಟ ಮುಗಿದು ಎಲೆ ಎತ್ತಿದ್ದಾಗಿದೆ ಅಂತಲೇ ಅರ್ಥ.

ಲೋಕವೆಲ್ಲ ಇದನ್ನು ತಂಬಾಕಿನ ಹುಳ ಅನ್ನುತ್ತದೆ. ಪಾಪ, ಅದರ ತಪ್ಪಲ್ಲ. ಈಜಿಪ್ಟಿನ ಟುಟಾಂಖಾಮನ್ ಗೋರಿಯನ್ನು 1922ರಲ್ಲಿ ಅಗೆದರಲ್ಲ, ಅಲ್ಲಿ ಸಿಕ್ಕ ವಸ್ತುಗಳ ನಡುವೆ ಈ ಹುಳವೂ ಇತ್ತು. ಮೂರು ಸಾವಿರ ವರ್ಷಕ್ಕೂ ಹಿಂದಿನ ಗೋರಿ ಅದು. ತಂಬಾಕು ಅಮೆರಿಕದ ಗಿಡ, ಸಮುದ್ರ ದಾಟಿ ಈಚೆಗೆ ಬಂದಿದ್ದು 1492ರ ನಂತರ. ನಮ್ಮ ಕಡೆಗೆ ತಂದವರು ಪೋರ್ಚುಗೀಸರು. ಅಕ್ಬರನ ದೂತ ಅಸದ್ ಬೇಗ್ ಮೊದಲ ಸಲ ತಂಬಾಕು ನೋಡಿದ್ದು ನಮ್ಮ ಬಿಜಾಪುರದಲ್ಲಿ. ಹರಳು ಕೂರಿಸಿದ ಚಿಲುಮೆಯ ಜೊತೆ ಅದನ್ನು ಅಕ್ಬರನ ಆಸ್ಥಾನಕ್ಕೆ ಒಯ್ದ. ಬಾದಶಹ ಒಂದೆರಡು ದಮ್ಮು ಎಳೆದ, ಹಕೀಮರು ಬೇಡ ಅಂದರು. ಕರ್ನಾಟಕದಿಂದ ದಿಲ್ಲಿ ಕಡೆಗೆ ಹೋದ ಚಟಗಳಲ್ಲಿ ಇದೂ ಒಂದು. ಈ ಹುಳ ಮಾತ್ರ ಅದಕ್ಕೂ ಬಹಳ ಮುಂಚಿನಿಂದ ಮಸಾಲೆ, ಬೀಜ, ಒಣಗಿದ ಬೇರು ತಿಂದುಕೊಂಡಿತ್ತು. ಇವತ್ತಿಗೂ ಅರಿಸಿನ, ಕೊತ್ತಂಬರಿ ಬೀಜ, ಒಣಶುಂಠಿ, ಮೆಣಸಿನಕಾಯಿ ಯಾವುದನ್ನೂ ಬಿಡುವುದಿಲ್ಲ. ದಾಸ್ತಾನಿಟ್ಟ ಅಡಿಕೆಗೂ ಬೀಳುತ್ತದೆ. ಮಲೆನಾಡಿಗೆ ಇದು ನೆಂಟನಲ್ಲ, ಮನೆಯವನೇ.

ಹೊಗೆಸೊಪ್ಪು ವಿಷ ಅಲ್ವಾ, ಅದನ್ನು ತಿಂದು ಬದುಕುತ್ತದಾ ಅಂತ ಅಕ್ಕ ಕೇಳಿದಳು. ಒಳ್ಳೆ ಪ್ರಶ್ನೆ. ಹೊಗೆಸೊಪ್ಪಿನ ಕಷಾಯವನ್ನು ಗಿಡಕ್ಕೆ ಹೊಡೆದು ಹುಳ ಕೊಲ್ಲುವ ನಾವೇ ಕೇಳಬೇಕಾದ್ದು. ನಿಕೋಟಿನ್ ಕೀಟಗಳ ನರಕ್ಕೆ ತಗಲುವ ವಿಷ. ಇದಕ್ಕೆ ಅದು ತಾಗುವುದಿಲ್ಲ. ಜೊತೆಗೆ ಇದರ ಕರುಳಿನ ಪಕ್ಕದಲ್ಲಿ ಒಂದು ಬಗೆಯ ಯೀಸ್ಟ್ ಸಂಸಾರ ಹೂಡಿರುತ್ತದೆ. ಒಣ ಎಲೆಯಲ್ಲಿ ಸಾಲದ ಬಿ ಜೀವಸತ್ವಗಳನ್ನು ಅದು ಒದಗಿಸುತ್ತದೆ, ಕೆಲವು ವಿಷಗಳನ್ನು ಮುರಿಯುವುದಕ್ಕೂ ನೆರವಾಗುತ್ತದೆ. ತಾಯಿ ಮೊಟ್ಟೆ ಇಡುವಾಗ ಆ ಯೀಸ್ಟನ್ನು ಮೊಟ್ಟೆಯ ಮೇಲೆ ಸವರುತ್ತಾಳೆ. ಮರಿ ಹೊರಬರುವಾಗ ಚಿಪ್ಪನ್ನು ತಿಂದು ಅದನ್ನು ಹೊಟ್ಟೆಗೆ ಇಳಿಸಿಕೊಳ್ಳುತ್ತದೆ. ಮಗಳು ಗಂಡನ ಮನೆಗೆ ಹೊರಟಾಗ ತವರಿನ ಮೊಸರಿನ ಹೆಪ್ಪು ಕಟ್ಟಿಕೊಟ್ಟ ಹಾಗೆ.

ಹೆಪ್ಪು ಅಂದೆನಲ್ಲ, ನಾನು ಹೇಳಬೇಕೆಂದಿದ್ದೇ ಅದು. ಕೊಲ್ಲುವುದು ಹೇಗೆ? ವಿಷ ಹೊಡೆದ ಸಿಗಾರನ್ನು ಬಾಯಿಗಿಡುವ ಹಾಗಿಲ್ಲ. ಬಿಸಿಲಿಗೆ ಹಾಕಿದರೆ ಎಲೆ ಗರಿಗರಿಯಾಗಿ ಪುಡಿಯಾಗುತ್ತದೆ. ಮೇಲಾಗಿ ನಮ್ಮ ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುವುದು? ಉಳಿದದ್ದು ಫ್ರೀಜರ್. ದೊಡ್ಡ ಸಿಗಾರ್ ಕಂಪನಿಗಳೂ ಅದನ್ನೇ ಮಾಡುತ್ತವೆ.

ಸೊನ್ನೆ ಡಿಗ್ರಿಗೆ ನೀರು ಮಂಜುಗಡ್ಡೆ, ಹುಳದ ಮೈಯಲ್ಲಿರುವುದೂ ನೀರು, ಹುಳ ಖಲಾಸ್ ಅಂತ ಭಾವ ಲೆಕ್ಕ ಹಾಕಿದರು. ಅಷ್ಟು ಸುಲಭವಿಲ್ಲ. ಹಾಲನ್ನು ಸುಮ್ನೆ ಇಟ್ಟರೆ ಮೊಸರಾಗುವುದಿಲ್ಲ, ಹೆಪ್ಪು ಹಾಕಬೇಕು. ನೀರೂ ಹಾಗೆಯೇ. ಮಂಜಿನ ಮೊದಲ ಹರಳು ಕೂರಲು ಒಂದು ನೆಲೆ ಬೇಕು: ಧೂಳಿನ ಕಣವೋ, ಬ್ಯಾಕ್ಟೀರಿಯವೋ, ಇನ್ನೊಂದು ಮಂಜಿನ ಹರಳೋ. ಅದಿಲ್ಲದಿದ್ದರೆ ನೀರು ಸೊನ್ನೆಗಿಂತ ಕೆಳಗೂ ನೀರಾಗಿಯೇ ಇರುತ್ತದೆ. ಥರ್ಮಾಮೀಟರಿನ ಫ್ಯಾರನ್‌ಹೀಟ್ 1724ರಲ್ಲೇ ಇದನ್ನು ಬರೆದಿಟ್ಟ. ತೀರಾ ಸಣ್ಣ, ಶುದ್ಧ ಹನಿಯಾದರೆ ಮೈನಸ್ 38ರ ಹತ್ತಿರದವರೆಗೂ ಗಟ್ಟಿಯಾಗದೆ ಇರಬಲ್ಲದು. ಮದುವೆ ಮನೆಯ ಪಂಕ್ತಿ ನೋಡಿ. ಎಲೆ ಹಾಕಿದ್ದರೂ ಮೊದಲು ಕೂರಲು ಎಲ್ಲರಿಗೂ ಸಂಕೋಚ. ಒಬ್ಬ ಹಿರಿಯರು ಕೂತರೆ ಸಾಲೆಲ್ಲ ತುಂಬುತ್ತದೆ. ಸಕ್ಕರೆ ಪಾಕಕ್ಕೆ ಒಂದು ಕಾಳು ಸಕ್ಕರೆ ಬಿದ್ದರೆ ಪೂರ್ತಿ ಹರಳುಗಟ್ಟುವುದೂ ಇದೇ. ಮೊಸರಿನದು ಜೀವಿಗಳ ಕೆಲಸ, ಹೋಲಿಕೆ ಪೂರ್ತಿ ಒಪ್ಪುವುದಿಲ್ಲ, ಗೊತ್ತು. ಆದರೂ ನೀರು ಗಟ್ಟಿಯಾಗುವುದಕ್ಕೆ ಹೆಪ್ಪುಗಟ್ಟುವುದು ಅಂತ ಹೆಸರಿಟ್ಟ ಪುಣ್ಯಾತ್ಮರಿಗೆ ನಾನು ದಿನಾ ಕೈಮುಗಿಯುತ್ತೇನೆ.

ಹುಳದ ಮೈ ಚಿಕ್ಕದು, ಮೊಟ್ಟೆ ಇನ್ನೂ ಚಿಕ್ಕದು. ಅಷ್ಟು ಚಿಕ್ಕ ಜಾಗದಲ್ಲಿ ಹೆಪ್ಪು ಸಿಗುವುದೇ ಅಪರೂಪ. ಚಳಿದೇಶದ ಎಷ್ಟೋ ಕೀಟಗಳು ಚಳಿಗಾಲಕ್ಕೆ ಮುಂಚೆ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತವೆ, ಒಳಗಿನ ಕಸವೇ ಹೆಪ್ಪಾಗಬಾರದು ಅಂತ. ಮೈಯ ನೀರು ಬೇಗ ಗಟ್ಟಿಯಾಗದಂತೆ ತಡೆಯುವ ಗ್ಲಿಸರಾಲ್ ಕೂಡಿಸಿಕೊಳ್ಳುತ್ತವೆ. ನಮ್ಮ ಸಿಗಾರಿನ ಹುಳ ಈ ಏಕಾದಶಿ ಕಲಿತಿಲ್ಲ. 30 ಡಿಗ್ರಿಯ ಆಸುಪಾಸಿನ ಬೆಚ್ಚಗಿನ ಜೀವ ಅದು.

ಹಾಗಾಗಿ ಮಂಜಾಗದೆಯೂ ಸಾಯುತ್ತದೆ. ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿ ಕೂರುತ್ತದಲ್ಲ, ಜೀವಕೋಶದ ಪೊರೆಯ ಕೊಬ್ಬೂ ಹಾಗೆ ಬಿಗಿಯುತ್ತದೆ. ಪೊರೆಯಲ್ಲಿ ಸೋಡಿಯಂ, ಪೊಟಾಸಿಯಂಗಳನ್ನು ಅವುಗಳ ಜಾಗದಲ್ಲಿ ಇಡುವ ಪಂಪುಗಳಿವೆ. ಅವು ನಿಧಾನವಾಗುತ್ತವೆ, ಸೋರಿಕೆ ಮಾತ್ರ ನಿಲ್ಲುವುದಿಲ್ಲ. ಪಂಪು ಕೆಟ್ಟ ದೋಣಿಗೆ ನೀರು ತುಂಬಿದ ಹಾಗೆ. ದೋಣಿ ಮುಳುಗಲು ಹೊತ್ತು ಹಿಡಿಯುತ್ತದೆ. ಒಂದು ರಾತ್ರಿ ಸಾಲದು ಅನ್ನುವುದು ಅದಕ್ಕೇ. ಮೈನಸ್ 18 ಅಥವಾ 20ರಲ್ಲಿ ಕನಿಷ್ಠ ಮೂರು ದಿನ, ಅದೂ ಪೆಟ್ಟಿಗೆಯ ನಡುವಿನ ಸಿಗಾರಿಗೆ ಆ ಚಳಿ ತಲುಪಿದ ಮೇಲೆ. ಮರದ ಪೆಟ್ಟಿಗೆ ಕಂಬಳಿ ಇದ್ದಂತೆ, ಚಳಿಯನ್ನು ಬೇಗ ಒಳಗೆ ಬಿಡುವುದಿಲ್ಲ. ಫ್ರಿಜ್ಜಿನ ಕೆಳಗಿನ ನಾಲ್ಕು ಡಿಗ್ರಿಯಲ್ಲಿ ಹುಳ ಬೆಳೆಯುವುದು ನಿಲ್ಲಿಸುತ್ತದೆ, ಬೇಗ ಸಾಯುವುದಿಲ್ಲ.

ಮೊದಲು ಒಂದು ದಿನ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಫ್ರೀಜರಿಗೆ ಹಾಕಿ ಅನ್ನುವವರು ಜಾಸ್ತಿ. ಹೊರಗಿನ ತೆಳ್ಳನೆಯ ಎಲೆ ಬಿರಿಯದಿರಲಿ ಅಂತ. ನನಗಿದು ಅರ್ಧ ಮಾತ್ರ ಒಪ್ಪಿಗೆ. ನಿಧಾನವಾಗಿ ತಂಪಾದರೆ ಕೀಟಗಳಿಗೆ ಚಳಿಗೆ ಒಗ್ಗಿಕೊಳ್ಳಲು ಸಮಯ ಸಿಗುತ್ತದೆ, ಹಳೆ ಪುಸ್ತಕದ ಹುಳ ಕೊಲ್ಲುವ ಮ್ಯೂಸಿಯಂನವರು ಬೇಗ ತಂಪು ಮಾಡುವುದೇ ಅದಕ್ಕೆ. ನಿಧಾನ ಬೇಕಾದ್ದು ವಾಪಸ್ ಬರುವಾಗ. ತಣ್ಣೀರು ತುಂಬಿದ ಸ್ಟೀಲ್ ಲೋಟ ನಮ್ಮ ಮಳೆಗಾಲದಲ್ಲಿ ಹೇಗೆ ಬೆವರುತ್ತದೆ ನೋಡಿದ್ದೀರಲ್ಲ, ಅದೇ ನೀರು ಸಿಗಾರಿನ ಮೇಲೆ ಕೂತರೆ ಎಲೆ ಉಬ್ಬಿ ಸೀಳುತ್ತದೆ. ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಬೇಕು. ಫ್ರೀಜರಿನಿಂದ ಒಂದು ದಿನ ಫ್ರಿಜ್ಜಿಗೆ, ಆಮೇಲೆ ಹೊರಗೆ. ಪೂರ್ತಿ ಬಿಸಿಯೇರುವ ತನಕ ಚೀಲ ಬಿಚ್ಚಬಾರದು.

ನಮ್ಮಲ್ಲಿ ಮೂರು ದಿನ ಅಂದಿದ್ದು ಎಂಟು ದಿನವಾಯಿತು. ಗಾಳಿಮಳೆಗೆ ಮರ ಬಿದ್ದು ಎರಡು ಸಲ ಕರೆಂಟ್ ಹೋಯಿತು, ನಾನು ದಿನ ಎಣಿಸುವುದನ್ನು ಮತ್ತೆ ಒಂದರಿಂದ ಶುರು ಮಾಡಿಸಿದೆ. ಅಷ್ಟರಲ್ಲಿ ಅಕ್ಕ ತನ್ನ ಕೊತ್ತಂಬರಿ ಬೀಜ, ಅರಿಸಿನ ಕೊಂಬನ್ನೂ ಚೀಲ ಕಟ್ಟಿ ಪಕ್ಕದಲ್ಲಿ ತುರುಕಿದ್ದಳು.

ಹೊರಗೆ ತೆಗೆದ ದಿನ ಭಾವ ಒಂದು ಸಿಗಾರನ್ನು ಬಿಳಿ ಹಾಳೆಯ ಮೇಲೆ ತಟ್ಟಿ ನೋಡಿದರು. ಪುಡಿ ಉದುರಲಿಲ್ಲ. ಖುಷಿಯಾಯಿತು.

"ಸತ್ತ ಹುಳ ಎಲ್ಲಿ ಹೋಗುತ್ತೆ?" ಅಂದರು.

"ಎಲ್ಲಿಗೂ ಇಲ್ಲ, ಒಳಗೇ ಇರುತ್ತೆ."

"ಹಚ್ಚಿದರೆ?"

"ಅದೂ ಸುಡುತ್ತೆ, ಸೊಪ್ಪಿನ ಜೊತೆಗೆ."

ದೀಪಾವಳಿಗೆ ಹೋದಾಗ ನೋಡಿದೆ. ಪೆಟ್ಟಿಗೆ ಬೀರುವಿನಲ್ಲೇ ಇದೆ, ಕಟ್ಟಿದ ಚೀಲದ ಸಮೇತ.