ಕರೇ ರೈಸು: ಹರಿಯದೆ ನಿಲ್ಲುವ ಗೊಜ್ಜಿನ ವಿಜ್ಞಾನ

ನಮ್ಮಲ್ಲಿ ಅನ್ನದ ನಡುವೆ ಗುಳಿ ಮಾಡಿ ಸಾರು ಬಡಿಸಿಕೊಳ್ಳುವುದು ರೂಢಿ. ಹಾಗೆ ಮಾಡದಿದ್ದರೆ ಸಾರು ಎಲೆಯ ತುದಿಯವರೆಗೆ ಓಡಿಬಿಡುತ್ತದೆ. ಜಪಾನೀಯರು ‘ಕರೇ ರೈಸು’ ಎಂದು ಕರೆಯುವ, ಅಲ್ಲಿನ ಮನೆಮನೆಯ ಊಟವಾಗಿರುವ ಕರಿ ಅನ್ನಕ್ಕೆ ಇಂಥ ಗುಳಿ ಬೇಕಾಗಿಲ್ಲ. ಅಗಲವಾದ ತಟ್ಟೆಯ ಒಂದು ಮಗ್ಗುಲಲ್ಲಿ ಅಂಟಂಟಾದ ಬಿಳಿ ಅನ್ನ, ಇನ್ನೊಂದು ಮಗ್ಗುಲಲ್ಲಿ ಆಲೂಗಡ್ಡೆ, ಗಜ್ಜರಿ, ಈರುಳ್ಳಿ, ಮಾಂಸದ ತುಂಡುಗಳನ್ನು ಹೊತ್ತ ಕಂದು ಗೊಜ್ಜು. ನಡುವೆ ಒಡ್ಡೇನೂ ಇಲ್ಲದಿದ್ದರೂ ಗೊಜ್ಜು ಅನ್ನದ ಗಡಿಯಲ್ಲಿ ನಿಂತೇ ಇರುತ್ತದೆ. ಖಾರಕ್ಕೂ ಒಗ್ಗರಣೆಯ ಘಮಕ್ಕೂ ಒಗ್ಗಿದ ನಮ್ಮ ನಾಲಿಗೆಗೆ ಮೊದಲ ತುತ್ತು ಸ್ವಲ್ಪ ಸಿಹಿಯಾಗಿ, ಸ್ವಲ್ಪ ಸಪ್ಪೆಯಾಗಿ ತೋರುವುದು ಸಹಜ. ಈ ಅಡುಗೆಯನ್ನು ಮಸಾಲೆಯ ಕಡೆಯಿಂದ ಅರ್ಥಮಾಡಿಕೊಳ್ಳಲು ಹೊರಟವರಿಗೆ ಹೆಚ್ಚೇನೂ ದಕ್ಕುವುದಿಲ್ಲ. ಪಿಷ್ಟದ ಕಡೆಯಿಂದ ಹೊರಟರೆ ಅದರ ಇತಿಹಾಸ, ಮಾಡುವ ಕ್ರಮ, ಕೊನೆಗೆ ಅದು ಕೆಡುವ ಬಗೆ, ಮೂರೂ ಒಂದೇ ದಾರಕ್ಕೆ ಸಿಗುತ್ತವೆ.

ಕರಿ ಭಾರತದ್ದಾದರೂ ಜಪಾನಿಗೆ ಅದು ತಲುಪಿದ್ದು ಬ್ರಿಟನ್ನಿನ ಡಬ್ಬಿಯಲ್ಲಿ. ಪದದ ಪ್ರಯಾಣವೂ ಸುತ್ತುದಾರಿಯದೇ: ತಮಿಳಿನ ‘ಕರಿ’ ಇಂಗ್ಲಿಷಿನ ಮೂಲವೆಂಬುದು ಸಾಮಾನ್ಯ ಅಭಿಪ್ರಾಯವಾದರೆ, ಪೋರ್ಚುಗೀಸರ ‘ಕರಿಲ್’ ರೂಪವು ಕನ್ನಡದಿಂದ ಹೋದದ್ದೆಂದು ಹತ್ತೊಂಬತ್ತನೆಯ ಶತಮಾನದ ಆಂಗ್ಲೋ-ಇಂಡಿಯನ್ ಪದಸಂಗ್ರಹಕಾರರು ಬರೆದಿಟ್ಟಿದ್ದಾರೆ. 1868ರಲ್ಲಿ ಆರಂಭವಾದ ಮೇಜಿ ಯುಗದಲ್ಲಿ ಜಪಾನ್ ಪಶ್ಚಿಮದ ನೌಕಾಪಡೆ, ರೈಲು, ಕೋಟುಗಳೊಂದಿಗೆ ಅಡುಗೆಯನ್ನೂ ಆಮದು ಮಾಡಿಕೊಂಡಿತು. ಆಗ ಬಂದದ್ದು ಬ್ರಿಟಿಷರು ಡಬ್ಬಿಗೆ ತುಂಬಿ ಮಾರುತ್ತಿದ್ದ ಸಿದ್ಧ ಕರಿಪುಡಿ ಮತ್ತು ಗೋಧಿಹಿಟ್ಟು ಬೆರೆಸಿ ಗಟ್ಟಿಮಾಡುವ ಅವರ ಸ್ಟ್ಯೂ ಪದ್ಧತಿ. 1872ರಲ್ಲಿ ಅಚ್ಚಾದ ಪಾಶ್ಚಾತ್ಯ ಅಡುಗೆಯ ಜಪಾನಿ ಪುಸ್ತಕವೊಂದರಲ್ಲಿ ಕಪ್ಪೆಯ ಮಾಂಸ ಹಾಕಿ ಮಾಡುವ ಕರಿಯ ವಿಧಾನ ಸಿಗುತ್ತದೆ. ಇಂದಿನ ಆಲೂಗಡ್ಡೆ, ಗಜ್ಜರಿ, ಈರುಳ್ಳಿಯ ತ್ರಿಕೂಟ ಗಟ್ಟಿಯಾದದ್ದು ಆಮೇಲೆ. 1908ರ ನೌಕಾಪಡೆಯ ಅಡುಗೆ ಕೈಪಿಡಿಯಲ್ಲಿ ಅದು ಸ್ಪಷ್ಟವಾಗಿದೆ. ಗೋವಿನ ಕೊಬ್ಬಿನಲ್ಲಿ ಗೋಧಿಹಿಟ್ಟನ್ನು ಹುರಿದು, ಕರಿಪುಡಿ ಸೇರಿಸಿ, ಮಾಂಸದ ಕಟ್ಟಿನಿಂದ ತೆಳುಮಾಡಿ, ತರಕಾರಿ ಬೇಯಿಸಬೇಕೆಂದು ಅಲ್ಲಿ ಹೇಳಿರುವ ಕ್ರಮವೇ ಮೂಲತಃ ಇಂದಿಗೂ ನಡೆದುಬಂದಿದೆ. ಅಲ್ಲಿನ ಕಡಲ ಸ್ವರಕ್ಷಣಾ ಪಡೆಯ ಹಡಗುಗಳಲ್ಲಿ ಪ್ರತಿ ಶುಕ್ರವಾರ ಕರಿ ಬಡಿಸುವ ವಾಡಿಕೆಯಿದೆ.

ನೌಕಾಪಡೆಯ ಹೆಸರು ಬಂದಾಗ ಬೆರಿಬೆರಿ ಎಂಬ ರೋಗದ ಮಾತೂ ಬರಬೇಕು. ಹೊಟ್ಟು ತೌಡು ತೆಗೆದ ಬಿಳಿ ಅಕ್ಕಿಯನ್ನೇ ಮುಖ್ಯ ಆಹಾರ ಮಾಡಿಕೊಂಡಿದ್ದ ನಾವಿಕರು ಕಾಲು ಬಾತು, ನರ ಸೋತು, ಹೃದಯ ನಿಂತು ಸಾಯುತ್ತಿದ್ದರು. 1883ರಲ್ಲಿ ದೀರ್ಘಯಾನ ಮುಗಿಸಿ ಬಂದ ‘ರ್‍ಯೂಜೊ’ ಹಡಗಿನ 376 ಜನರಲ್ಲಿ 169 ಮಂದಿಗೆ ರೋಗ ತಗುಲಿ 25 ಮಂದಿ ತೀರಿಕೊಂಡಿದ್ದರು. ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಕಲಿತು ಬಂದಿದ್ದ ನೌಕಾವೈದ್ಯ ತಕಾಕಿ ಕನೆಹಿರೊ ಮರುವರ್ಷ ‘ತ್ಸುಕುಬಾ’ ಹಡಗನ್ನು ಅದೇ ದಾರಿಯಲ್ಲಿ, ಆದರೆ ಮಾಂಸ, ಬ್ರೆಡ್ಡು ಹೆಚ್ಚಿರುವ ಊಟದೊಂದಿಗೆ ಕಳುಹಿಸಿದರು. ರೋಗಿಗಳು ಬೆರಳೆಣಿಕೆಗೆ ಇಳಿದರು, ಸಾವು ಒಂದೂ ಆಗಲಿಲ್ಲ. ಕಾರಣವು ಪ್ರೋಟೀನಿನ ಕೊರತೆಯೆಂದು ತಕಾಕಿ ಭಾವಿಸಿದ್ದು ತಪ್ಪಾಗಿತ್ತು. ನಿಜವಾದ ಕೊರತೆ ತೌಡಿನೊಂದಿಗೆ ಹೊರಟುಹೋಗುತ್ತಿದ್ದ ಥಯಾಮಿನ್, ಅಂದರೆ ಬಿ1 ಜೀವಸತ್ವದ್ದು. ತೌಡಿನಿಂದ ಆ ಸತ್ವವನ್ನು ಬೇರ್ಪಡಿಸುವ ಕೆಲಸದಲ್ಲಿ 1910ರಲ್ಲಿ ಜಪಾನಿನ ಸುಝುಕಿ ಉಮೆತಾರೊ ಮುಂಚೂಣಿಯಲ್ಲಿದ್ದರು. ಬೆರಿಬೆರಿಯನ್ನು ಕರಿಯೇ ಓಡಿಸಿತೆಂಬ ಚಂದದ ಕಥೆಯೊಂದು ಪ್ರಚಾರದಲ್ಲಿದೆ, ಆದರೆ ತಟ್ಟೆಗೆ ಒಂದು ಚಮಚದಷ್ಟು ಬೀಳುವ ಗೋಧಿಹಿಟ್ಟಿಗೆ ಅಷ್ಟು ಶಕ್ತಿಯಿದ್ದೀತೆಂದು ನನಗೆ ಅನ್ನಿಸುವುದಿಲ್ಲ. ಹೆಚ್ಚಿನ ಕೆಲಸ ಮಾಡಿದ್ದು ಮಾಂಸ ಮತ್ತು 1885ರಿಂದ ಅನ್ನಕ್ಕೆ ಬೆರೆಸತೊಡಗಿದ ಜವೆಗೋಧಿ.

ಇನ್ನು ಒಲೆಯ ಕಡೆಗೆ. ನಾಲ್ಕು ಜನರಿಗೆ ಎರಡು ದೊಡ್ಡ ಈರುಳ್ಳಿ, ಒಂದು ಗಜ್ಜರಿ, ಎರಡು ಮೂರು ಆಲೂಗಡ್ಡೆ, ಮಾಂಸ ತಿನ್ನುವವರಿಗೆ ಕಾಲು ಕಿಲೊ ಕೋಳಿ, ತಿನ್ನದವರಿಗೆ ಅಷ್ಟೇ ಅಣಬೆ ಸಾಕು. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಸಣ್ಣ ಉರಿಯಲ್ಲಿ ಹುರಿಯಲು ತಾಳ್ಮೆ ಬೇಕು, ಏಕೆಂದರೆ ಅದರ ತೂಕದಲ್ಲಿ ನೂರಕ್ಕೆ ಸುಮಾರು 89 ಪಾಲು ನೀರೇ ಇದ್ದು, ಆ ನೀರು ಆರುವವರೆಗೆ ಬಾಣಲೆಯೊಳಗಿನ ಈರುಳ್ಳಿಯ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ದಾಟದೆ ಕೆಂಪಗಾಗುವುದೂ ಇಲ್ಲ. ನೀರು ಆರಿದ ಮೇಲೆ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಕೂಡಿ, 1912ರಲ್ಲಿ ಫ್ರಾನ್ಸಿನ ಲೂಯಿ-ಕಮೀಲ್ ಮಯಾರ್ ವಿವರಿಸಿದ ಕ್ರಿಯೆ ಶುರುವಾಗಿ, ಕಂದು ಬಣ್ಣವೂ ಗಾಢ ರುಚಿಯೂ ಹುಟ್ಟುತ್ತವೆ. ಈರುಳ್ಳಿ ಹೆಚ್ಚುವಾಗ ಕಣ್ಣೀರು ಸುರಿಸುವ ವಸ್ತುವನ್ನು ತಯಾರಿಸುವ ಪ್ರತ್ಯೇಕ ಕಿಣ್ವವೊಂದಿದೆಯೆಂದು 2002ರಲ್ಲಿ ಕಂಡುಹಿಡಿದವರು ಜಪಾನಿನ ಕರಿ ತಯಾರಿಕಾ ಸಂಸ್ಥೆಯಾದ ಹೌಸ್ ಫುಡ್ಸ್‌ನ ಸಂಶೋಧಕರು ಎಂಬುದನ್ನು ಇಲ್ಲೇ ಹೇಳಿಬಿಡಬಹುದು; ಅದಕ್ಕಾಗಿ ಅವರಿಗೆ 2013ರಲ್ಲಿ ನಗಿಸಿ ಯೋಚಿಸುವಂತೆ ಮಾಡುವ ಇಗ್ ನೊಬೆಲ್ ಬಹುಮಾನ ಬಂತು.

ಹುರಿದ ಈರುಳ್ಳಿಗೆ ಮಾಂಸವನ್ನೋ ಅಣಬೆಯನ್ನೋ ಹಾಕಿ, ಗಜ್ಜರಿಯನ್ನೂ ಸೇರಿಸಿ, ಸುಮಾರು 700 ಮಿಲಿಲೀಟರ್ ನೀರು ಹಾಕಿ ಬೇಯಿಸಬೇಕು. ಆಲೂಗಡ್ಡೆ ಸ್ವಲ್ಪ ತಡವಾಗಿ ಬೀಳಲಿ. ತರಕಾರಿಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಬಿಸಿನೀರಿನಲ್ಲಿ ಕರಗಿದಾಗಲೇ ತರಕಾರಿ ಮೆತ್ತಗಾಗುವುದು, ಹುಳಿ ಇದ್ದರೆ ಆ ಕರಗುವಿಕೆ ನಿಧಾನವಾಗುವುದು. ತರಕಾರಿ ಬೆಂದ ಮೇಲೆಯೇ ಹುಣಿಸೆಹಣ್ಣಿನ ರಸ ಹಾಕಬೇಕೆಂದು ನಮ್ಮ ಹಿರಿಯರು ಹೇಳುವುದು ಇದೇ ಕಾರಣಕ್ಕೆ. ಕರೇಗೆ ಟೊಮೆಟೊ ಹಾಕುವವರಿಗೂ ಈ ಮಾತು ಅನ್ವಯಿಸುತ್ತದೆ. ಜಪಾನಿನಲ್ಲಿ ಆಲೂಗಡ್ಡೆಯ ಆಯ್ಕೆಯೇ ಒಂದು ಚರ್ಚೆ: ಪಿಷ್ಟ ಹೆಚ್ಚಿರುವ ‘ದಾನ್‌ಶಾಕು’ ತಳಿ ಕರಗಿ ಗೊಜ್ಜಿಗೆ ಸೇರುತ್ತದೆ, ‘ಮೇ ಕ್ವೀನ್’ ತಳಿ ತುಂಡಾಗಿಯೇ ಉಳಿಯುತ್ತದೆ. ದಾನ್‌ಶಾಕು ಎಂದರೆ ಬ್ಯಾರನ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಕ್ಕೈದೊ ದ್ವೀಪದಲ್ಲಿ ಅದನ್ನು ಬೆಳೆಸಿ ಹರಡಿದ ಬ್ಯಾರನ್ ಕವಾದಾ ಅವರ ಪದವಿಯೇ ಗಡ್ಡೆಯ ಹೆಸರಾಯಿತು.

ತರಕಾರಿ ಬೇಯುವಷ್ಟರಲ್ಲಿ ‘ರೂ’ ಸಿದ್ಧವಾಗಬೇಕು. ಫ್ರೆಂಚರ ಈ ಪದವನ್ನು ಜಪಾನೀಯರು ತಮ್ಮದಾಗಿಸಿಕೊಂಡು, ಕೊಬ್ಬು, ಹಿಟ್ಟು, ಮಸಾಲೆ, ಉಪ್ಪು, ಸಕ್ಕರೆ ಎಲ್ಲ ಸೇರಿಸಿ ಚಾಕೊಲೇಟ್ ಅಚ್ಚಿನಂತೆ ಗಟ್ಟಿಮಾಡಿದ ತುಂಡಿಗೇ ಈ ಹೆಸರಿಟ್ಟಿದ್ದಾರೆ. 1950ರ ದಶಕದಿಂದ ಈಚೆಗೆ ಅಲ್ಲಿನ ಬಹುಪಾಲು ಮನೆಗಳ ಕರಿ ಇಂಥ ತುಂಡುಗಳ ಪೆಟ್ಟಿಗೆಯಿಂದಲೇ ಹುಟ್ಟುತ್ತದೆ. ಪೆಟ್ಟಿಗೆಯ ಅನೇಕ ತುಂಡುಗಳಲ್ಲಿ ಗೋವಿನ ಅಥವಾ ಹಂದಿಯ ಕೊಬ್ಬು ಇರುವುದರಿಂದ, ಬೇಡದವರು ಚೀಟಿ ಓದಿ ಕೊಳ್ಳಬೇಕು, ಇಲ್ಲವೇ ಮನೆಯಲ್ಲೇ ಮಾಡಿಕೊಳ್ಳಬೇಕು. 40 ಗ್ರಾಂ ಬೆಣ್ಣೆಯನ್ನು ಕರಗಿಸಿ ಅಷ್ಟೇ ಮೈದಾ ಹಾಕಿ, ಕೈ ಬಿಡದೆ ಕೆದಕುತ್ತ, ಹಿಟ್ಟು ಕಡಲೆಸಿಪ್ಪೆಯ ಬಣ್ಣಕ್ಕೆ ಬರುವವರೆಗೆ ಹುರಿದು, ಉರಿ ಆರಿಸಿ ಎರಡು ದೊಡ್ಡ ಚಮಚ ಕರಿಪುಡಿ ಬೆರೆಸಿದರೆ ಆಯಿತು. ಕರಿಪುಡಿಯ ವಿಶಿಷ್ಟ ವಾಸನೆಯ ಬಹುಪಾಲು ಮೆಂತ್ಯದ್ದು. ಅದರಲ್ಲಿರುವ ‘ಸೊಟೊಲೋನ್’ ಎಂಬ ಸಂಯುಕ್ತದ ಹೆಸರು ಕಚ್ಚಾ ಸಕ್ಕರೆಗೆ ಜಪಾನಿ ಭಾಷೆಯಲ್ಲಿರುವ ‘ಸೊತೊ’ ಪದದಿಂದಲೇ ಬಂದಿದೆ. ನಮ್ಮ ಹುಳಿಪುಡಿ ಹಾಕಿದರೆ ರುಚಿ ಕೆಡುವುದಿಲ್ಲ, ಆದರೆ ಆಗುವುದು ಬೇರೆಯೇ ಅಡುಗೆ.

ಹಿಟ್ಟನ್ನು ಕೊಬ್ಬಿನಲ್ಲಿ ಏಕೆ ಹುರಿಯಬೇಕೆಂಬುದು ರಾಗಿ ಗಂಜಿ ಕಾಸಿದ ಯಾರಿಗೂ ಹೊಸದಲ್ಲ. ಕುದಿಯುವ ನೀರಿಗೆ ಒಣ ಹಿಟ್ಟು ಸುರಿದರೆ ಗಂಟಾಗುತ್ತದೆ, ಆದ್ದರಿಂದ ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳುತ್ತೇವೆ. ಗೋಧಿಯ ಪಿಷ್ಟದ ಕಣಗಳು ಸುಮಾರು 60 ಡಿಗ್ರಿಯಲ್ಲಿ ನೀರು ಕುಡಿದು ಉಬ್ಬತೊಡಗುತ್ತವೆ. ಹಿಟ್ಟಿನ ಮುದ್ದೆಯೊಂದು ನೇರವಾಗಿ ಬಿಸಿನೀರಿಗೆ ಬಿದ್ದರೆ ಹೊರಮೈಯ ಕಣಗಳು ಒಮ್ಮೆಲೇ ಉಬ್ಬಿ ಅಂಟಿನ ಕೋಟೆ ಕಟ್ಟುತ್ತವೆ, ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ತಣ್ಣೀರು ಮಾಡುವ ಕೆಲಸವನ್ನು ರೂ ವಿಧಾನದಲ್ಲಿ ಕೊಬ್ಬು ಮಾಡುತ್ತದೆ: ಒಂದೊಂದು ಕಣಕ್ಕೂ ಎಣ್ಣೆಯ ಲೇಪ ಕೊಟ್ಟು ಬೇರೆ ಬೇರೆ ಇಡುತ್ತದೆ, ಕೊಬ್ಬು ಕರಗಿ ಹರಡಿದಂತೆ ಕಣಗಳೂ ಹರಡಿ ತಮ್ಮ ತಮ್ಮ ಜಾಗದಲ್ಲಿ ಉಬ್ಬುತ್ತವೆ. ಆದರೂ ಪೆಟ್ಟಿಗೆಯ ಮೇಲೆ ‘ಒಲೆ ಆರಿಸಿ ರೂ ಹಾಕಿ’ ಎಂದು ಬರೆದಿರುವುದನ್ನು ಕಡೆಗಣಿಸಬಾರದು. ನಾನು ಮೊದಲ ಸಲ ಆತುರಕ್ಕೆ ಕೊತಕೊತ ಕುದಿಯುವ ಪಾತ್ರೆಗೇ ತುಂಡು ಹಾಕಿ, ಗೋಲಿಯಂಥ ಗಂಟುಗಳನ್ನು ಸೌಟಿನಿಂದ ಹಿಸುಕುತ್ತ ಅರ್ಧ ಗಂಟೆ ಕಳೆದಿದ್ದೇನೆ. ಕುದಿ ನಿಂತ ಮೇಲೆ ಕರಗಿಸಿ, ಪುನಃ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿದರೆ ಗೊಜ್ಜು ಸೌಟಿನ ಬೆನ್ನಿಗೆ ಅಂಟುವ ಹದಕ್ಕೆ ಬರುತ್ತದೆ. ಹಿಟ್ಟನ್ನು ಹೆಚ್ಚು ಕೆಂಪಗೆ ಹುರಿದಷ್ಟೂ ಪಿಷ್ಟದ ಉದ್ದನೆಯ ಸರಪಳಿಗಳು ತುಂಡಾಗಿ ಗಟ್ಟಿಮಾಡುವ ಶಕ್ತಿ ಕುಗ್ಗುತ್ತದೆ; ರುಚಿಗೆ ತೆರುವ ಬೆಲೆ ಅದು, ಅದನ್ನು ಇನ್ನೊಂದು ಚಮಚ ಹಿಟ್ಟಿನಿಂದ ತುಂಬಿಕೊಳ್ಳಬೇಕು.

ಕಟ್ಟಿದ ಈ ಸರಪಳಿಯನ್ನು ಕಡಿಯುವ ಕತ್ತರಿ ನಮ್ಮ ಬಾಯಲ್ಲೇ ಇದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಚಿಕ್ಕ ಸಕ್ಕರೆಗಳಾಗಿ ಒಡೆಯುತ್ತದೆ. ಉರಿಯಿಂದ ಇಳಿಸಿ ಉಗುರುಬೆಚ್ಚಗಾದ ಪಾತ್ರೆಯೊಳಗೆ ನೆಕ್ಕಿದ ಚಮಚವನ್ನು ಪುನಃ ಅದ್ದಿದರೆ ಗೊಜ್ಜು ಮರುದಿನದ ಹೊತ್ತಿಗೆ ನೀರಾಗಿರುವುದುಂಟು. ಎಂಜಲು ಮಾಡಬೇಡವೆಂದು ಗದರುವ ಅಜ್ಜಿಯ ಮಡಿಗೆ ಈ ಪಾತ್ರೆಯ ಮಟ್ಟಿಗಂತೂ ರಸಾಯನಶಾಸ್ತ್ರದ ಬೆಂಬಲವಿದೆ. ಜೇನುತುಪ್ಪದಲ್ಲೂ ಇದೇ ಬಗೆಯ ಕಿಣ್ವವಿದೆ, ಅದನ್ನು ಜೇನುನೊಣಗಳು ಸೇರಿಸುತ್ತವೆ. ಸೇಬು ಮತ್ತು ಜೇನಿನ ಹೆಸರಿನಲ್ಲಿ 1963ರಲ್ಲಿ ಬಂದ ‘ವರ್ಮಾಂಟ್ ಕರಿ’ ಎಂಬ ಪೆಟ್ಟಿಗೆಯ ರೂ ಮಕ್ಕಳೂ ತಿನ್ನುವ ಸಿಹಿಕರಿಯನ್ನು ಜಪಾನಿನಾದ್ಯಂತ ಜನಪ್ರಿಯಗೊಳಿಸಿದ ಮೇಲೆ, ಮನೆಯಲ್ಲೂ ಕೊನೆಯಲ್ಲೊಂದು ಚಮಚ ಜೇನು ಹಾಕುವ ಆಸೆ ಸಹಜ. ಹಾಗೆ ಹಾಕಿದ ಹಸಿ ಜೇನು ಗೊಜ್ಜನ್ನು ತೆಳುಮಾಡಬಲ್ಲದು. ರೂ ಹಾಕುವ ಮೊದಲೇ ಸೇರಿಸಿ ಸುಮಾರು 20 ನಿಮಿಷ ಕುದಿಸಿದರೆ ಕಿಣ್ವ ಸತ್ತು ಸಿಹಿ ಮಾತ್ರ ಉಳಿಯುತ್ತದೆ.

ಅನ್ನದ ಬಗ್ಗೆ ಎರಡು ಮಾತು ಸಾಕು. ಜಪಾನಿನ ಗಿಡ್ಡಕಾಳಿನ ಅಕ್ಕಿಯ ಪಿಷ್ಟದಲ್ಲಿ, ಅನ್ನವನ್ನು ಉದುರುದುರಾಗಿಸುವ ಅಮೈಲೋಸ್ ಎಂಬ ಅಂಶ ಸಾಮಾನ್ಯವಾಗಿ ಶೇಕಡ 20ಕ್ಕಿಂತ ಕಡಿಮೆಯಿರುವುದರಿಂದ ಅನ್ನ ಅಂಟಿಕೊಂಡು ಗೊಜ್ಜಿಗೆ ದಡವಾಗುತ್ತದೆ. ಕರಿಗೆಂದು ನೀರನ್ನು ಸ್ವಲ್ಪ ಕಡಿಮೆ ಇಟ್ಟು ಮಾಡುತ್ತಾರೆ. ಆ ಅಕ್ಕಿ ಸಿಗದಿದ್ದರೆ, ಮುದ್ದೆಯಾಗುತ್ತದೆಂದು ನಮ್ಮ ಮನೆಗಳಲ್ಲಿ ಮೂಗು ಮುರಿಯುವ ಹೊಸ ಅಕ್ಕಿಯೇ ಇಲ್ಲಿ ಒದಗುವುದು. ಹಿಟ್ಟಿನ ಈ ಕರಿಯನ್ನು ಒಪ್ಪದ ಭಾರತೀಯರೂ ಅಲ್ಲಿದ್ದರು: ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಜಪಾನ್ ಸೇರಿದ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸ್, ತಮ್ಮ ಪತ್ನಿಯ ತಂದೆತಾಯಿಯರ ನಕಮುರಾಯ ಅಂಗಡಿಯಲ್ಲಿ 1927ರಲ್ಲಿ ಭಾರತೀಯ ಪದ್ಧತಿಯ ಕೋಳಿ ಕರಿಯನ್ನು ಮಾರಾಟಕ್ಕೆ ತಂದರು, ಟೋಕಿಯೊದ ಶಿಂಜುಕುವಿನಲ್ಲಿ ಅದು ಇಂದಿಗೂ ಸಿಗುತ್ತದೆ.

ಮೊನ್ನೆಯ ಹುಳಿಗೆ ರುಚಿ ಹೆಚ್ಚೆಂದು ನಾವು ಹೇಳುವಂತೆ ಜಪಾನೀಯರು ಎರಡನೆಯ ದಿನದ ಕರಿಯನ್ನು ಹೊಗಳುತ್ತಾರೆ. ರಾತ್ರಿಯಿಡೀ ಉಪ್ಪು, ಸಿಹಿ ತುಂಡುಗಳೊಳಕ್ಕೆ ಇಳಿಯುತ್ತವೆ, ಆಲೂಗಡ್ಡೆಯ ಅಂಚು ಕರಗಿ ಗೊಜ್ಜು ಇನ್ನಷ್ಟು ದಪ್ಪವಾಗುತ್ತದೆ, ಮಸಾಲೆಯ ಕಟು ವಾಸನೆ ತಗ್ಗುತ್ತದೆ. ಅಪಾಯವೂ ಆ ದಪ್ಪದಲ್ಲೇ ಅಡಗಿದೆ. ಮಣ್ಣಿನಲ್ಲೂ ಮಾಂಸದಲ್ಲೂ ಇರುವ ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಬದುಕುಳಿಯಬಲ್ಲವು. ಕುದಿತವು ಆಮ್ಲಜನಕವನ್ನು ಹೊರಗಟ್ಟುವುದರಿಂದ ಪಾತ್ರೆಯ ತಳ ಅವಕ್ಕೆ ಹೇಳಿ ಮಾಡಿಸಿದ ಮನೆ. ತೆಳುವಾದ ಸಾರಿನಲ್ಲಿ ಬಿಸಿನೀರು ಮೇಲೇರಿ ತಣ್ಣನೆಯದು ಕೆಳಗಿಳಿಯುವ ಚಲನೆಯಿಂದ ಬಿಸಿ ಬೇಗ ಹೊರಬೀಳುತ್ತದೆ, ಉಬ್ಬಿದ ಪಿಷ್ಟ ಆ ಚಲನೆಯನ್ನು ಕಟ್ಟಿಹಾಕುತ್ತದೆ. ಹೀಗಾಗಿ ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ 43ರಿಂದ 47 ಡಿಗ್ರಿಯ ಸುತ್ತಮುತ್ತ, ಅಂದರೆ ಈ ಬ್ಯಾಕ್ಟೀರಿಯಾ ಹತ್ತೇ ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲ ಬಿಸಿಯಲ್ಲಿ ಉಳಿಯುತ್ತದೆ. ವಾಸನೆಯಲ್ಲೋ ರುಚಿಯಲ್ಲೋ ಸುಳಿವು ಸಿಗದಿರಬಹುದು. ತಿಂದ 6ರಿಂದ 24 ಗಂಟೆಗಳಲ್ಲಿ ಹೊಟ್ಟೆನುಲಿತ, ಭೇದಿ ಶುರುವಾಗುತ್ತವೆ. ಉಳಿದ ಕರಿಯನ್ನು ಒಲೆಯ ಮೇಲೆಯೇ ಮುಚ್ಚಿಡದೆ, ಅಗಲವಾದ ತಟ್ಟೆಪಾತ್ರೆಗಳಿಗೆ ತೆಳ್ಳಗೆ ಹರಡಿ, ತಣ್ಣೀರಿನ ಮೇಲಿಟ್ಟು ಕಲಕುತ್ತ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಮರುದಿನ ತಳ ಮುಟ್ಟಿ ಕಲಕುತ್ತ ಚೆನ್ನಾಗಿ ಕುದಿಸಬೇಕು. ಫ್ರೀಜರ್‌ನಲ್ಲಿಡುವುದಾದರೆ ಆಲೂಗಡ್ಡೆಯ ತುಂಡುಗಳನ್ನು ಮೊದಲೇ ಹೆಕ್ಕಿ ತೆಗೆಯಬೇಕು ಅಥವಾ ಗೊಜ್ಜಿನೊಳಗೆ ಹಿಸುಕಿಬಿಡಬೇಕು, ಏಕೆಂದರೆ ಮಂಜುಗಟ್ಟಿ ಕರಗಿದ ಆಲೂಗಡ್ಡೆಯಿಂದ ನೀರು ಬಿಟ್ಟುಹೋಗಿ, ಬಾಯಿಗೆ ಸಿಗುವುದು ಸ್ಪಂಜಿನಂಥ ಸಪ್ಪೆ ತುಂಡು.