ಬಿಸಿಯಾದಾಗ ಮಾತ್ರ ಆಫ್ ಆಗುವ ಎಂಜಿನ್

ಗ್ಯಾರೇಜಿನ ಬಾಗಿಲು ಕಂಡ ಕೂಡಲೇ ವಾಸಿಯಾಗಿಬಿಡುವ ಕಾಯಿಲೆ ಕಾರುಗಳಿಗೂ ಉಂಟು. ಅರ್ಧ ಗಂಟೆ ಚೆನ್ನಾಗಿ ಓಡಿದ ಗಾಡಿ ಸಿಗ್ನಲ್ಲಿನಲ್ಲಿ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಬಾನೆಟ್ ಎತ್ತಿ ಹದಿನೈದು ನಿಮಿಷ ಕಾದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಪಕ್ಕದಲ್ಲಿ ಕೂತಾಗ ಮಾತ್ರ ಎರಡು ಗಂಟೆ ಓಡಿಸಿದರೂ ಒಮ್ಮೆಯೂ ಕೈಕೊಡುವುದಿಲ್ಲ. ಕಾರು ಹಳೆಯದು, ಜೊತೆಗೆ ಟರ್ಬೊ ಇರುವಂಥದ್ದು ಎಂದಾದರೆ ಅಪವಾದ ಮೊದಲು ಹೋಗುವುದು ಟರ್ಬೊ ಮೇಲೆ. ಬಹುಪಾಲು ಸಂದರ್ಭಗಳಲ್ಲಿ ಅದು ನಿರಪರಾಧಿ.

ಟರ್ಬೊ ಎಂದರೆ ಒಂದೇ ದಂಡದ ಎರಡು ತುದಿಗೆ ಕೂರಿಸಿದ ಎರಡು ಚಕ್ರಗಳು. ಒಂದನ್ನು ಹೊರಹೋಗುವ ಹೊಗೆ ತಿರುಗಿಸುತ್ತದೆ, ಇನ್ನೊಂದು ಒಳಬರುವ ಗಾಳಿಯನ್ನು ಒತ್ತುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ಎಕ್ಸಲೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ಹೊಗೆಯ ರಭಸ ಎಷ್ಟು ಕಡಿಮೆಯೆಂದರೆ ಟರ್ಬೊ ಲೆಕ್ಕಕ್ಕೇ ಇಲ್ಲ. ಎಂಜಿನ್ ತನ್ನ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ದಂಡ ಜಾಮ್ ಆದರೂ ಪಿಕಪ್ ಹೋಗುತ್ತದೆ, ಹೊಗೆ ಬರುತ್ತದೆ. ಆದರೆ ಸಿಗ್ನಲ್ಲಿನಲ್ಲಿ ನಿಂತ ಗಾಡಿಯನ್ನು ಟರ್ಬೊ ಆಫ್ ಮಾಡುವುದು ಅಪರೂಪ.

ಅದರ ನಿಜವಾದ ತಪ್ಪು ಎರಡು. ಒಂದು, ಶಾಖ. ಪೆಟ್ರೋಲ್ ಎಂಜಿನ್ನಿನ ಟರ್ಬೊ ಪೂರ್ತಿ ಹೊರೆಯಲ್ಲಿ 900 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಅದರ ನೆರೆಹೊರೆಯ ರಬ್ಬರ್ ಪೈಪು, ಪ್ಲಾಸ್ಟಿಕ್ ಕನೆಕ್ಟರು, ವೈರಿನ ಹೊದಿಕೆ ಎಲ್ಲ ಹದಿನೈದು ಇಪ್ಪತ್ತು ವರ್ಷ ಹಪ್ಪಳದಂತೆ ಬೇಯುತ್ತವೆ. ಇನ್ನೊಂದು, ಗಾಳಿಯ ಒತ್ತಡದ ಏರಿಳಿತ. ಥ್ರಾಟಲ್ (ಎಕ್ಸಲೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಆಚೆಗಿನ ಒಂದೇ ಪೈಪು ಐಡ್ಲಿಂಗಿನಲ್ಲಿ ಒಳಕ್ಕೆ ಎಳೆಸಿಕೊಳ್ಳುತ್ತದೆ, ಎಕ್ಸಲೇಟರ್ ಒತ್ತಿದಾಗ ಹೊರಕ್ಕೆ ಉಬ್ಬುತ್ತದೆ. ದಿನಕ್ಕೆ ನೂರಾರು ಸಲ ಹೀಗಾದರೆ ಸೀಳು ಬೀಳದೆ ಇನ್ನೇನು.

ಉದಾಹರಣೆಗೆ ಫೋಕ್ಸ್‌ವ್ಯಾಗನ್ ಬಳಗದ 1.8 ಟರ್ಬೊ ಪೆಟ್ರೋಲ್ ಎಂಜಿನ್ನನ್ನೇ ಇಟ್ಟುಕೊಳ್ಳೋಣ. 1781 ಸಿಸಿ, ನಾಲ್ಕು ಸಿಲಿಂಡರ್, ಸಿಲಿಂಡರಿಗೆ ಐದರಂತೆ 20 ವಾಲ್ವ್. 1990ರ ದಶಕದ ನಡುವಿನಲ್ಲಿ ಆಡಿ ಎ4 ಮೂಲಕ ಬಂದ ಇದು, ನಮ್ಮ ರಸ್ತೆಗಳಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ ಬಾನೆಟ್ ಕೆಳಗೆ ಹೆಸರು ಮಾಡಿತು. ಈಗಲೂ ಇದನ್ನು ಜೋಪಾನವಾಗಿ ಇಟ್ಟುಕೊಂಡವರು ಇದ್ದಾರೆ, ಮತ್ತು ಅವರಲ್ಲಿ ಹಲವರಿಗೆ ಈ ತೊಂದರೆ ಚಿರಪರಿಚಿತ.

ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಎಂಜಿನ್ ಹೇಗೆ ನಿಂತಿತು? ಕೀ ತಿರುಗಿಸಿದಂತೆ ಥಟ್ಟನೆ ಆಫ್ ಆದರೆ ಮೊದಲ ಸಂಶಯ ವಿದ್ಯುತ್ತಿನ ಮೇಲೆ. ಜಗ್ಗಿ, ಮುಗ್ಗರಿಸಿ, ಎಕ್ಸಲೇಟರಿಗೆ ಸ್ಪಂದಿಸದೆ ಸೊರಗಿ ನಿಂತರೆ ಪೆಟ್ರೋಲ್ ಪೂರೈಕೆ. ಓಡುವಾಗ ಸರಿಯಿದ್ದು, ಕಾಲು ತೆಗೆದು ಕ್ಲಚ್ ಒತ್ತಿದ ಗಳಿಗೆಯಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಪಾತಾಳಕ್ಕೆ ಇಳಿದು ನಿಂತರೆ ಗಾಳಿಯ ಲೆಕ್ಕ ತಪ್ಪಿದೆ. ಜೊತೆಗೆ ಹೊರಟು ಎಷ್ಟು ನಿಮಿಷವಾಗಿತ್ತು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು, ಎಸಿ ಹಾಕಿತ್ತೇ, ಮಳೆ ಇತ್ತೇ ಎಂಬುದನ್ನು ಪ್ರತಿ ಸಲವೂ ಒಂದು ಚೀಟಿಯಲ್ಲಿ ಬರೆದಿಡಿ. ಐದು ಸಲದ ಟಿಪ್ಪಣಿ ಐದು ಸಾವಿರ ರೂಪಾಯಿಯ ಬಿಡಿಭಾಗಕ್ಕಿಂತ ಹೆಚ್ಚು ಹೇಳುತ್ತದೆ. (ಓಡುತ್ತಿರುವಾಗ ಆಫ್ ಆದರೆ ನೆನಪಿರಲಿ: ಬ್ರೇಕ್ ಬೂಸ್ಟರಿನಲ್ಲಿ ಎರಡು ಮೂರು ಸಲ ಒತ್ತುವಷ್ಟು ಮಾತ್ರ ನಿರ್ವಾತ ಉಳಿದಿರುತ್ತದೆ. ಬ್ರೇಕನ್ನು ಪಂಪ್ ಮಾಡದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು.)

ಆರ್‌ಪಿಎಂ ಮುಳ್ಳು ಪುಕ್ಕಟೆ ಸಿಗುವ ಸಾಕ್ಷಿ. ಗಾಡಿ ಗೇರಿನಲ್ಲೇ ಉರುಳುತ್ತಿದ್ದರೆ ಎಂಜಿನ್ ಆಫ್ ಆದರೂ ಚಕ್ರಗಳು ಕ್ರ್ಯಾಂಕನ್ನು (ಎಂಜಿನ್ನಿನ ಮುಖ್ಯ ದಂಡ) ತಿರುಗಿಸುತ್ತಲೇ ಇರುತ್ತವೆ. ಆಗ ಮುಳ್ಳು 1500ರಲ್ಲೋ 2000ದಲ್ಲೋ ನಿಂತಿದ್ದರೆ ಅದರ ತಿರುಗುವಿಕೆ ಗಮನಿಸುವ ಕ್ರ್ಯಾಂಕ್ ಸೆನ್ಸರ್ ಬದುಕಿದೆ, ಪೆಟ್ರೋಲಿನ ಕಡೆ ನೋಡಿ. ಗಾಡಿ ಇನ್ನೂ ಉರುಳುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ, ಒಂದೋ ಸೆನ್ಸರ್ ಕುರುಡಾಗಿದೆ, ಇಲ್ಲವೇ ಇಡೀ ಇಸಿಯುವಿಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಕರೆಂಟ್ ಹೋಗಿದೆ.

ಬಿಸಿಯಾದಾಗ ಮಾತ್ರ ಸಾಯುವ ಭಾಗಗಳಲ್ಲಿ ಈ ಕ್ರ್ಯಾಂಕ್ ಸೆನ್ಸರ್ ಅಗ್ರಗಣ್ಯ. ಇದು ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ, ಬೇರೇನಲ್ಲ. ಇದರ ಎದುರು 60 ಹಲ್ಲುಗಳ ಜಾಗವಿರುವ ಚಕ್ರ ತಿರುಗುತ್ತದೆ; ಅದರಲ್ಲಿ ಎರಡು ಹಲ್ಲು ಬೇಕೆಂದೇ ಕಿತ್ತಿರುತ್ತಾರೆ. ಆ ಬೋಡು ಜಾಗ ಎದುರಾದಾಗಲೆಲ್ಲ ಇಸಿಯುವಿಗೆ ಪಿಸ್ಟನ್ ಎಲ್ಲಿದೆ ಎಂಬ ಲೆಕ್ಕ ಸಿಗುತ್ತದೆ. ಐಡ್ಲಿಂಗ್ 800 ಆರ್‌ಪಿಎಂ ಇದ್ದರೆ ಸೆಕೆಂಡಿಗೆ 800 ಹಲ್ಲಿನ ಜಾಗಗಳು ದಾಟುತ್ತವೆ. ಸುರುಳಿಯಲ್ಲಿ ಹುಟ್ಟುವ ವೋಲ್ಟೇಜು ವೇಗಕ್ಕೆ ತಕ್ಕಂತೆ ಏರಿಳಿಯುವುದರಿಂದ, ಸೊರಗಿದ ಸೆನ್ಸರ್ ಹೈವೇಯಲ್ಲಿ ಹೇಗೋ ಸಂಭಾಳಿಸಿ ಐಡ್ಲಿಂಗಿನಲ್ಲಿ ಸೋಲುತ್ತದೆ. ಸೆಲ್ಫ್ ಹೊಡೆಯುವಾಗಿನ 200 ಆರ್‌ಪಿಎಂನಲ್ಲಂತೂ ಪೂರ್ತಿ ಮೌನ.

1.8 ಟರ್ಬೊದಲ್ಲಿ ಈ ಸೆನ್ಸರ್ ಬ್ಲಾಕಿನ ಮೇಲೆ, ಆಯಿಲ್ ಫಿಲ್ಟರಿನ ಹತ್ತಿರವಿದೆ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ ತಣ್ಣಗಿರುವಾಗ 730ರಿಂದ 1000 ಓಮ್ ಸಿಗಬೇಕು. ಇಲ್ಲೇ ಬಹಳ ಜನ ಎಡವುವುದು. ತಣ್ಣಗಿರುವಾಗ ಅಳೆದು, 860 ಓಮ್ ಬಂತೆಂದು ಸಮಾಧಾನಪಟ್ಟು, ಸೆನ್ಸರ್ ಸರಿಯಿದೆ ಎಂದು ತೀರ್ಪು ಕೊಡುತ್ತಾರೆ. ಅಳೆಯಬೇಕಾದದ್ದು ಗಾಡಿ ನಿಂತ ಆ ಕ್ಷಣದಲ್ಲಿ, ಅಥವಾ ಹೇರ್ ಡ್ರೈಯರಿನಿಂದ ಸೆನ್ಸರನ್ನು ಬಿಸಿಮಾಡಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುತ್ತದೆ, 25ರಿಂದ 100 ಡಿಗ್ರಿಗೆ ಹೋದರೆ 860 ಓಮ್ 1110ರ ಹತ್ತಿರ ಬರುವುದು ಸಹಜ. ಆದರೆ ಏರುತ್ತಾ ಏರುತ್ತಾ ಮೀಟರ್ ಒಮ್ಮೆಲೇ ಅನಂತ ತೋರಿಸಿದರೆ ಒಳಗಿನ ಕೂದಲೆಳೆಯಂಥ ತಂತಿ ತುಂಡಾಗಿದೆ. ಬಿಸಿಗೆ ಹಿಗ್ಗಿದಾಗ ತುದಿಗಳು ದೂರವಾಗುತ್ತವೆ, ತಣಿದಾಗ ಮತ್ತೆ ತಾಗುತ್ತವೆ. ಹದಿನೈದು ನಿಮಿಷ ಕಾದರೆ ಗಾಡಿ ಸ್ಟಾರ್ಟ್ ಆಗುವ ಗುಟ್ಟು ಇದೇ. ದಾರಿಯಲ್ಲಿ ಸಿಕ್ಕಿಕೊಂಡಾಗ ಒದ್ದೆ ಬಟ್ಟೆಯನ್ನು ಸೆನ್ಸರಿಗೆ ಒತ್ತಿ ಹಿಡಿಯಿರಿ. ಎರಡೇ ನಿಮಿಷದಲ್ಲಿ ಎಂಜಿನ್ ಹತ್ತಿಕೊಂಡರೆ ಸಂಶಯ ಬಹುತೇಕ ಖಚಿತ. ನೀರನ್ನು ಟರ್ಬೊ ಕಡೆ ಮಾತ್ರ ಚೆಲ್ಲಬೇಡಿ, ಕಾದ ಎರಕ ಬಿರುಕು ಬಿಟ್ಟೀತು. ಮೂರು ವೈರಿನ ಹಾಲ್ ಸೆನ್ಸರ್ ಇರುವ ಕಾರುಗಳಲ್ಲಿ ಈ ಓಮ್ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಸಿಗ್ನಲ್ಲನ್ನೇ ಆಸಿಲೊಸ್ಕೋಪಿನ ಪರದೆಯಲ್ಲಿ ನೋಡಬೇಕು.

ಇನ್ನೊಂದು ಬಲೆ ಇದೆ. ಕ್ರ್ಯಾಂಕ್ ಸಿಗ್ನಲ್ ಇಲ್ಲದಿದ್ದರೆ ಇಸಿಯು ಸ್ಪಾರ್ಕನ್ನೂ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನೂ ಪೆಟ್ರೋಲ್ ಪಂಪಿಗೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇಯನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಸೆಲ್ಫ್ ಹೊಡೆಯುವಾಗ ಪಂಪಿನ ಸದ್ದಿಲ್ಲವೆಂದು ಹೊಸ ಪಂಪ್ ಹಾಕಿಸಿಕೊಂಡು ದುಡ್ಡು ಕಳಕೊಂಡವರ ಕತೆ ಸಾಮಾನ್ಯವಾಗಿ ಇಲ್ಲಿಂದ ಶುರುವಾಗುತ್ತದೆ. ರಿಲೇಯ 30 ಮತ್ತು 87ನೇ ಕಾಲುಗಳನ್ನು 15 ಆಂಪಿಯರ್ ಫ್ಯೂಸ್ ಇರುವ ವೈರಿನಿಂದ ಸೇರಿಸಿ ನೋಡಿ. ಪಂಪ್ ಗುಂಯ್ ಎಂದರೆ ಅದು ಬದುಕಿದೆ. ತಪ್ಪು ರಿಲೇಯದೋ, ರಿಲೇಗೆ ಆಜ್ಞೆ ಕೊಡುವವರದೋ. ಹಳೆಯ ರಿಲೇಗಳ ಒಳಗೆ ಬೆಸುಗೆ ಉಂಗುರದಂತೆ ಬಿರುಕುಬಿಟ್ಟು ಬಿಸಿಯಲ್ಲಿ ಸಂಪರ್ಕ ತಪ್ಪುವುದು ಸರ್ವೇಸಾಮಾನ್ಯ. ಕವಚ ತೆಗೆದು ಭೂತಗನ್ನಡಿಯಲ್ಲಿ ನೋಡಿದರೆ ಕಣ್ಣಿಗೇ ಕಾಣುತ್ತದೆ.

ಪಂಪಿನ ಮೇಲೇ ಸಂಶಯವಿದ್ದರೆ, ಎಂಜಿನ್ ಓಡುವಾಗ ಹಿಂದಿನ ಸೀಟಿನ ಕೆಳಗಿನ ಕನೆಕ್ಟರಿನಲ್ಲಿ ವೋಲ್ಟೇಜು ನೋಡಿ. ಬ್ಯಾಟರಿಯ ವೋಲ್ಟೇಜಿಗಿಂತ ಒಂದು ವೋಲ್ಟಿಗೂ ಮೀರಿ ಇಳಿದಿದ್ದರೆ ನಡುವೆ ಎಲ್ಲೋ ವೈರೋ ಸಂಪರ್ಕವೋ ಕೆಟ್ಟು ತಡೆಯೊಡ್ಡುತ್ತಿದೆ. ಗಾಡಿ ನಿಂತಾಗ ರಬ್ಬರ್ ಸುತ್ತಿಗೆಯಿಂದ ಟ್ಯಾಂಕಿನ ತಳಕ್ಕೆ ಮೆಲ್ಲಗೆ ತಟ್ಟುತ್ತಾ ಸೆಲ್ಫ್ ಹೊಡೆದಾಗ ಹತ್ತಿಕೊಂಡರೆ ಮೋಟಾರಿನ ಬ್ರಷ್ ಸವೆದಿದೆ. ಮುಚ್ಚಳ ತೆಗೆದಾಗ ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸಲೀಸಾಗಿ ಓಡಿದರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆ.

ಪೆಟ್ರೋಲಿನ ಒತ್ತಡದ ಗೇಜ್ ಹಾಕುವುದಾದರೆ ಟರ್ಬೊ ಕಾರಿನ ಲೆಕ್ಕ ಬೇರೆ. ಇಂಜೆಕ್ಟರಿನ ತುದಿ ಇರುವುದು ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒಳಗೆ. ಅಲ್ಲಿ ಒಮ್ಮೆ ನಿರ್ವಾತ, ಇನ್ನೊಮ್ಮೆ ಬೂಸ್ಟ್, ಅಂದರೆ ಟರ್ಬೊ ಒತ್ತಿದ ಗಾಳಿಯ ಒತ್ತಡ. ಇಂಜೆಕ್ಟರಿನ ಎರಡು ಬದಿಯ ಒತ್ತಡದ ಅಂತರ ಒಂದೇ ಇದ್ದರೆ ಮಾತ್ರ ಅಷ್ಟೇ ಹೊತ್ತಿಗೆ ಅಷ್ಟೇ ಪೆಟ್ರೋಲ್ ಬೀಳುತ್ತದೆ. ಆದ್ದರಿಂದ ಪೆಟ್ರೋಲಿನ ಒತ್ತಡ ನಿಯಂತ್ರಿಸುವ ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ಪೈಪ್ ಕೊಟ್ಟಿರುತ್ತಾರೆ. 3 ಬಾರ್ ರೆಗ್ಯುಲೇಟರಾದರೆ ಐಡ್ಲಿಂಗಿನಲ್ಲಿ ಗೇಜು 2.4ರ ಹತ್ತಿರ, 0.6 ಬಾರ್ ಬೂಸ್ಟಿನಲ್ಲಿ 3.6 ತೋರಿಸಬೇಕು. ಬೂಸ್ಟ್ ಏರುವಾಗ ಇದು ಇಳಿದರೆ ಪಂಪ್ ಸುಸ್ತಾಗಿದೆ ಅಥವಾ ಫಿಲ್ಟರ್ ಕಟ್ಟಿದೆ. ಆ ಸಣ್ಣ ಪೈಪ್ ಕಿತ್ತು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ರೆಗ್ಯುಲೇಟರಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹರಿದಿದೆ. ಕಾಫಿಗೆ ನಿಲ್ಲಿಸಿ ಮತ್ತೆ ಹೊರಟಾಗ ಕಪ್ಪು ಹೊಗೆ ಬಿಟ್ಟು ಆಫ್ ಆಗುವ ಗಾಡಿಗಳಲ್ಲಿ ಇದನ್ನು ಮರೆಯದೆ ನೋಡಬೇಕು. ಅಂದಹಾಗೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾತಾವರಣದ ಒತ್ತಡವೇ ಮಂಗಳೂರಿಗಿಂತ ಸುಮಾರು 0.1 ಬಾರ್ ಕಡಿಮೆ. ವ್ಯಾಕ್ಯೂಮ್ ಗೇಜು ಅಷ್ಟು ಕಡಿಮೆ ತೋರಿಸಿದರೆ ಗಾಬರಿಯಾಗಬೇಡಿ.

ಕಾಲು ತೆಗೆದಾಗ ಮಾತ್ರ ಆಫ್ ಆಗುವುದಕ್ಕೆ ಟರ್ಬೊ ಪೆಟ್ರೋಲಿನಲ್ಲಿ ವಿಶೇಷವಾದ ಕಾರಣವೊಂದಿದೆ. ಥ್ರಾಟಲ್ ಥಟ್ಟನೆ ಮುಚ್ಚಿದಾಗ ಒತ್ತಿಟ್ಟ ಗಾಳಿಗೆ ಹೋಗಲು ಜಾಗವಿರುವುದಿಲ್ಲ. ಡೈವರ್ಟರ್ ವಾಲ್ವ್ ತೆರೆದು ಅದನ್ನು ಟರ್ಬೊದ ಬಾಯಿಗೇ ಹಿಂದಿರುಗಿಸುತ್ತದೆ. ಆ ಗಾಳಿಯನ್ನು, ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಆಗಲೇ ಎಣಿಸಿಯಾಗಿದೆ. ಪೈಪ್ ಸೀಳಿ ಅದು ಹೊರಗೆ ಹೋದರೆ, ಅಥವಾ ಹುಸ್ಸೆಂಬ ಸದ್ದಿನ ಆಸೆಗೆ ಯಾರೋ ಗಾಳಿಯನ್ನು ಹೊರಬಿಡುವ ವಾಲ್ವ್ ಹಾಕಿಸಿದ್ದರೆ, ಇಸಿಯು ಇಲ್ಲದ ಗಾಳಿಗೆ ಪೆಟ್ರೋಲ್ ಸುರಿಯುತ್ತದೆ. ಆರ್‌ಪಿಎಂ ಮುಗ್ಗರಿಸಿ ಎಂಜಿನ್ ನಿಲ್ಲುತ್ತದೆ. ಹಳೆಯ ವಾಲ್ವಿನ ಪರೀಕ್ಷೆ ಸುಲಭ. ಬಿಚ್ಚಿ, ಪಿಸ್ಟನನ್ನು ಒಳಕ್ಕೆ ಒತ್ತಿ, ಸಣ್ಣ ಮೂತಿಯನ್ನು ಬೆರಳಿನಿಂದ ಮುಚ್ಚಿ, ಪಿಸ್ಟನ್ ಬಿಡಿ. ಅಲ್ಲೇ ನಿಲ್ಲಬೇಕು, ಹಿಂದೆ ಸರಿದರೆ ಡಯಾಫ್ರಾಮ್ ಹರಿದಿದೆ.

ಉಳಿದ ಸೋರಿಕೆಗಳನ್ನು ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ, ಹೇಳುತ್ತದೆ. ಸ್ಕ್ಯಾನರ್ ಚುಚ್ಚಿ ಬಿಸಿ ಎಂಜಿನ್ನಿನಲ್ಲಿ ಐಡ್ಲಿಂಗ್ ಮತ್ತು 2500 ಆರ್‌ಪಿಎಂ, ಎರಡೂ ಕಡೆ ನೋಡಿ. ಐಡ್ಲಿಂಗಿನಲ್ಲಿ ಶೇ. +12 ಇದ್ದು 2500ರಲ್ಲಿ +2ಕ್ಕೆ ಇಳಿದರೆ ಎಣಿಸದ ಗಾಳಿ ಒಳನುಗ್ಗುತ್ತಿದೆ. ಹೊರೆ ಹೆಚ್ಚಿದಂತೆ ಟ್ರಿಮ್ಮೂ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಈ ಎಂಜಿನ್ನಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿರುವ ಪಿಸಿವಿ ಪೈಪುಗಳನ್ನು (ಎಂಜಿನ್ನಿನೊಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಕಳಿಸುವಂಥವು) ನಂಬಲೇಬೇಡಿ. ಎಣ್ಣೆ ಕುಡಿದು ಮೆತ್ತಗಾಗಿ, ಕೈಯಲ್ಲಿ ಹಿಡಿದರೆ ಬೆಲ್ಲದಂತೆ ಮುರಿಯುತ್ತವೆ. ಪೈಪುಗಳಿಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಪರೀಕ್ಷೆಗೆ 0.05 ಬಾರ್ ಸಾಕು. ಥ್ರಾಟಲ್ ಬಾಡಿಯ ಮಸಿ ತೊಳೆದ ಮೇಲೆ ಅಡಾಪ್ಟೇಶನ್ (ಥ್ರಾಟಲಿನ ಸ್ಥಾನವನ್ನು ಇಸಿಯುವಿಗೆ ಮತ್ತೆ ಕಲಿಸುವುದು) ಮಾಡಿಸದಿದ್ದರೆ ಹೊಸ ತೊಂದರೆ ನೀವೇ ತಂದುಕೊಂಡಂತೆ: ಕೀ ಆನ್, ಎಂಜಿನ್ ಆಫ್, ಸ್ಕ್ಯಾನರಿನ ಬೇಸಿಕ್ ಸೆಟ್ಟಿಂಗಿನಲ್ಲಿ ಎಲೆಕ್ಟ್ರಾನಿಕ್ ಥ್ರಾಟಲಿಗೆ ಗ್ರೂಪ್ 060, ಕೇಬಲ್ ಇದ್ದರೆ 098.

ವೈರಿಂಗಿಗೆ ಅರ್ಧ ದಿನ ಮೀಸಲಿಡಿ. ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್, ಎಸಿ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ. 0.2 ವೋಲ್ಟಿಗಿಂತ ಹೆಚ್ಚಿದ್ದರೆ ಅರ್ಥ್ ಪಟ್ಟಿ ತುಕ್ಕು ತಿಂದಿದೆ. ಮಳೆಗಾಲದ ನಂತರ ಹೆಗ್ಗಣ ಕಡಿದ ಗುರುತನ್ನೂ ಹುಡುಕಿ. ಹೊದಿಕೆ ಹೋದ ವೈರು ಗಾಡಿ ಅಲುಗಿದಾಗ ಮಾತ್ರ ಬಾಡಿಗೆ ತಾಗುತ್ತದೆ. ಕೂಲಂಟ್ ಟೆಂಪರೇಚರ್ ಸೆನ್ಸರಿನ ವೈರು ಹೀಗೆ ಕ್ಷಣಕಾಲ ಬಿಟ್ಟುಹೋದರೆ ಇಸಿಯುವಿಗೆ ಎಂಜಿನ್ ಹಿಮದಲ್ಲಿ ಹೂತಿದ್ದಂತೆ ಕಂಡು, ಬಿಸಿ ಎಂಜಿನ್ನಿಗೂ ಪೆಟ್ರೋಲ್ ಸುರಿದುಬಿಡಬಹುದು.

ಸ್ಕ್ಯಾನರಿನಲ್ಲಿ ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರಿನ ಕಡೆ, ಪಿ0171 ಬಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿರುವ ಕಡೆ ಬೆರಳು ತೋರಿಸುತ್ತದೆ. ಏನೂ ಬರದಿದ್ದರೆ ದೋಷವಿಲ್ಲವೆಂದಲ್ಲ. ಇಸಿಯು ಅದನ್ನು ದಾಖಲಿಸುವಷ್ಟು ಹೊತ್ತು ದೋಷ ನಿಲ್ಲಲಿಲ್ಲ ಎಂದಷ್ಟೇ ಅರ್ಥ. ಆಗ ಬ್ಲೂಟೂತ್ ಅಡಾಪ್ಟರ್ ಹಾಕಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹಳೆಯ ಕಾರುಗಳು ಮಾಹಿತಿ ಕಳಿಸುವುದು ಆಮೆಯ ವೇಗದಲ್ಲಿ. ಇಪ್ಪತ್ತು ಅಂಶ ಆರಿಸಿದರೆ ನಿಂತ ಕ್ಷಣವೇ ತಪ್ಪಿಹೋಗುತ್ತದೆ. ಆರ್‌ಪಿಎಂ, ಗಾಳಿಯ ಹರಿವು, ಕೂಲಂಟ್ ತಾಪ, ಬ್ಯಾಟರಿ ವೋಲ್ಟೇಜ್, ಇಷ್ಟು ಸಾಕು.

ಟರ್ಬೊ ಡೀಸೆಲ್ ಆದರೆ ಪಟ್ಟಿ ಬದಲಾಗುತ್ತದೆ. ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ (ರೈಲ್) ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್ನಿಗೆ ಗಾಳಿಯ ಸಣ್ಣ ಸೋರಿಕೆ ಲೆಕ್ಕಕ್ಕಿಲ್ಲ. ಅದಕ್ಕೆ ಬೇಕಾದದ್ದು ರೈಲಿನಲ್ಲಿ ಒತ್ತಡ. ಬೇಕಿರುವ ಒತ್ತಡ ಮತ್ತು ನಿಜವಾಗಿ ಇರುವ ಒತ್ತಡ, ಎರಡನ್ನೂ ಒಂದೇ ಪರದೆಯಲ್ಲಿ ಇಟ್ಟು ನೋಡಿ. ಎಂಜಿನ್ ನಿಲ್ಲುವ ಮುನ್ನ ಎರಡನೆಯದು ಕುಸಿದರೆ ಡೀಸೆಲ್ ಫಿಲ್ಟರ್, ಪೈಪಿನಲ್ಲಿ ಗಾಳಿಗುಳ್ಳೆ, ಅಥವಾ ಇಂಜೆಕ್ಟರ್ ರಿಟರ್ನ್ (ಇಂಜೆಕ್ಟರಿನಿಂದ ಟ್ಯಾಂಕಿನ ಕಡೆ ವಾಪಸಾಗುವ ಡೀಸೆಲ್). ನಾಲ್ಕು ಇಂಜೆಕ್ಟರಿನ ರಿಟರ್ನನ್ನು ನಾಲ್ಕು ಸಣ್ಣ ಬಾಟಲಿಗೆ ಹಿಡಿದಾಗ ಒಂದರಲ್ಲಿ ಮಾತ್ರ ಉಳಿದವಕ್ಕಿಂತ ಎರಡು ಮೂರು ಪಟ್ಟು ಬಂದರೆ ಹುಡುಕಾಟ ಮುಗಿಯಿತು. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಮಸಿಯಿಂದ ತೆರೆದೇ ಸಿಕ್ಕಿಕೊಂಡಿದ್ದರೂ ಐಡ್ಲಿಂಗ್ ನಡುಗಿ ನಿಲ್ಲುತ್ತದೆ.

ಭಾಗ ಬದಲಿಸಿದ ಮೇಲೆ ಬಡಾವಣೆಯಲ್ಲಿ ಒಂದು ಸುತ್ತು ಹೊಡೆದು ಸರಿಯಾಯಿತು ಎನ್ನುವಂತಿಲ್ಲ. ಚೀಟಿಯಲ್ಲಿ 40 ನಿಮಿಷಕ್ಕೆ, ಕಾಲು ಟ್ಯಾಂಕಿನಲ್ಲಿ, ಎಸಿ ಹಾಕಿದಾಗ ಎಂದು ಬರೆದಿದ್ದರೆ ಅದೇ ಮಟ್ಟದ ಪೆಟ್ರೋಲಿನಲ್ಲಿ, ಎಸಿ ಹಾಕಿ, ಮಟಮಟ ಮಧ್ಯಾಹ್ನ ಎರಡು ಗಂಟೆ ಓಡಿಸಿ. ಹತ್ತು ನಿಮಿಷ ಆಫ್ ಮಾಡಿ ಬಿಡಿ. ನೀರೂ ಗಾಳಿಯೂ ಹರಿಯದೆ ಬಾನೆಟ್ ಒಳಗಿನ ಬಿಸಿ ಅತಿ ಹೆಚ್ಚಾಗುವುದು ಆಗಲೇ. ಆಮೇಲೆ ಸೆಲ್ಫ್ ಹೊಡೆಯಿರಿ. ಕಿತ್ತ ಹಳೆಯ ಸೆನ್ಸರನ್ನೂ ಎಸೆಯದೆ ಮನೆಯಲ್ಲಿ ಹೇರ್ ಡ್ರೈಯರ್ ಹಿಡಿದು ಇನ್ನೊಮ್ಮೆ ಅಳೆದು ನೋಡಿ. ಬಿಸಿಯಲ್ಲೂ ಅದು 1100 ಓಮ್ ಆಸುಪಾಸಿನಲ್ಲೇ ಗಟ್ಟಿಯಾಗಿ ನಿಂತರೆ, ಗಾಡಿ ಸರಿಹೋದದ್ದು ಹೊಸ ಸೆನ್ಸರಿನಿಂದಲ್ಲ, ಬಿಚ್ಚಿ ಹಾಕುವಾಗ ಅಲುಗಿದ ಕನೆಕ್ಟರಿನಿಂದ ಇರಬಹುದು. ಹಾಗಿದ್ದರೆ ಅದು ಮತ್ತೆ ಬರುತ್ತದೆ. ಪಿನ್ನುಗಳನ್ನು ಈಗಲೇ ನೋಡುವುದು ಒಳ್ಳೆಯದು.